ಸಾವಿಗೆ ‘ಶರಣು’ ಎನ್ನುವ ಪರದೆ

ಆತ್ಮಹತ್ಯೆಯ ಸುದ್ದಿ ಬಂದಾಗಲೆಲ್ಲ ನಮ್ಮ ಟಿ.ವಿ. ಪರದೆಯ ಕೆಳಗೆ ಒಂದು ಪದ ಓಡುತ್ತದೆ: ‘ಶರಣು’. ‘ವಿದ್ಯಾರ್ಥಿನಿ ಆತ್ಮಹತ್ಯೆಗೆ ಶರಣು’. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಸೀಮೆಯಲ್ಲಿ ಈ ಪದದ ತೂಕವೇ ಬೇರೆ. ಎದುರು ಸಿಕ್ಕ ಹಿರಿಯರಿಗೆ ‘ಶರಣ್ರೀ’ ಎಂದು ಕೈಮುಗಿಯುವ ನಾಡು ಅದು. ಆ ಪದವನ್ನು ತಂದು ಸಾವಿನ ಪಕ್ಕದಲ್ಲಿಟ್ಟರೆ ಸಾವಿಗೆ ಇಲ್ಲದ ಘನತೆ ಬರುತ್ತದೆ. ನೋವಿನಿಂದ ದಾರಿ ಕಾಣದೆ ಹೋದ ಹುಡುಗಿ, ಯಾವುದೋ ದೊಡ್ಡದಕ್ಕೆ ತನ್ನನ್ನು ಒಪ್ಪಿಸಿಕೊಂಡವಳಂತೆ ಕಾಣತೊಡಗುತ್ತಾಳೆ.

ಸಾವನ್ನು ಎತ್ತರಿಸಿ ತೋರಿಸುವುದು ಈ ನೆಲಕ್ಕೆ ಹೊಸತಲ್ಲ. ಇಲ್ಲಿನ ಹಳೆಯ ಗುಡಿಗಳ ಅಂಗಳದಲ್ಲಿ ಕಾಣುವ ವೀರಗಲ್ಲುಗಳನ್ನು ನೋಡಿ: ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಲಿಂಗ. ಹಿರೇಕೆರೂರು ತಾಲ್ಲೂಕಿನ ಅಬ್ಬಲೂರಿನಲ್ಲಿ ಏಕಾಂತದ ರಾಮಯ್ಯ ಶಿರವನ್ನು ಶಿವನಿಗೆ ಒಪ್ಪಿಸಿ ಮರಳಿ ಪಡೆದ ಕಥೆಯನ್ನು ಶಾಸನವೇ ಹೇಳುತ್ತದೆ. ಆದರೆ ಅದು ಪವಾಡದ ಕಥೆ; ಹೋದ ಶಿರ ಮರಳಿ ಬರುವುದೇ ಅದರ ತಿರುಳು. ವೀರಗಲ್ಲು ಊರ ನೆನಪು, ಇದ್ದಲ್ಲೇ ಇರುತ್ತದೆ. ಪರದೆಯಾದರೋ ನಡುಮನೆಗೆ ಬಂದು, ಒಂದೇ ದೃಶ್ಯವನ್ನು ದಿನಕ್ಕೆ ನೂರು ಸಲ ತೋರಿಸುತ್ತದೆ.

ಧಾರಾವಾಹಿಗಳ ತೊಂದರೆ ಇನ್ನೂ ಸೂಕ್ಷ್ಮ. ಅಲ್ಲಿ ಪಾತ್ರ ಸಾಯುತ್ತದೆ, ಅದರ ದನಿ ಸಾಯುವುದಿಲ್ಲ. ಪತ್ರವೊಂದು ಸಿಗುತ್ತದೆ, ಹಿನ್ನೆಲೆಯಲ್ಲಿ ಸತ್ತವಳದೇ ದನಿ ಅದನ್ನು ಓದುತ್ತದೆ, ಕಾಡಿದವರೆಲ್ಲ ಬಿಕ್ಕಿ ಬಿಕ್ಕಿ ಅಳುತ್ತಾರೆ. ಬದುಕಿದ್ದಾಗ ಯಾರೂ ಕೇಳದ ಮಾತನ್ನು ಸತ್ತ ಮೇಲೆ ಎಲ್ಲರೂ ಕೇಳುತ್ತಾರೆ. ಹದಿನಾರರ ವಯಸ್ಸಿಗೆ ಇದಕ್ಕಿಂತ ಅಪಾಯದ ಸುಳ್ಳು ಇನ್ನೊಂದಿಲ್ಲ. ಸತ್ತವರಿಗೆ ಆ ಅಳುವನ್ನು ನೋಡುವ ಕಣ್ಣಿರುವುದಿಲ್ಲ ಎಂಬ ಸರಳ ಸತ್ಯವನ್ನು ಕಥನದ ತಂತ್ರವೇ ಮುಚ್ಚಿಹಾಕುತ್ತದೆ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ದೊಡ್ಡ ಚಿತ್ರ, ನಿಜ. ಆದರೂ ಸಮಾಜ ಕೊಡದ ಕೂಡುವಿಕೆಯನ್ನು ರಾಮಾಚಾರಿ–ಮಾರ್ಗರೇಟರಿಗೆ ಸಾವೇ ಕೊಟ್ಟಿತೆಂಬ ಭಾವ ಅದರ ಕೊನೆಯಲ್ಲಿ ಉಳಿಯುತ್ತದೆ. ಟಿ.ವಿ.ಯಲ್ಲಿ ಮತ್ತೆ ಮತ್ತೆ ಬರುವ ಆ ಚಿತ್ರವನ್ನು ನಾವು ಮೆಚ್ಚುತ್ತಲೇ ಈ ಪ್ರಶ್ನೆಯನ್ನೂ ಕೇಳಬೇಕು.

2017ರ ಮಾರ್ಚ್ ಕೊನೆಗೆ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ಥರ್ಟೀನ್ ರೀಸನ್ಸ್ ವೈ’ ಇದೇ ತಂತ್ರದ ಮೇಲೆ ನಿಂತ ಸರಣಿ. ಸತ್ತ ಹುಡುಗಿ ಧ್ವನಿಸುರುಳಿಗಳ ಮೂಲಕ ಎಲ್ಲರನ್ನೂ ವಿಚಾರಣೆಗೆ ನಿಲ್ಲಿಸುತ್ತಾಳೆ. ಮರು ತಿಂಗಳು ಅಮೆರಿಕದಲ್ಲಿ 10ರಿಂದ 17 ವರ್ಷದವರ ಆತ್ಮಹತ್ಯೆಯ ಪ್ರಮಾಣ ಸುಮಾರು 29% ಏರಿತ್ತೆಂದು 2019ರ ಅಧ್ಯಯನವೊಂದು ಹೇಳಿತು. ಸರಣಿಯೇ ಕಾರಣ ಎಂದು ಇದರಿಂದ ಸಾಬೀತಾಗದು. ಅಧ್ಯಯನ ಮಾಡಿದವರೂ ಹಾಗೆನ್ನಲಿಲ್ಲ. ಆದರೆ ಅದೇ ವರ್ಷ ಜುಲೈನಲ್ಲಿ ಆ ದೃಶ್ಯಕ್ಕೆ ಕತ್ತರಿ ಬಿತ್ತು. ನಮ್ಮಲ್ಲೂ 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ವಾಹಿನಿಗಳು ಹಗಲಿರುಳು ಗೋಳಾಟವನ್ನೇ ತೋರಿಸಿದವು. ಅಭಿಮಾನಿಗಳು ಪ್ರಾಣ ಕಳೆದುಕೊಂಡ ಸುದ್ದಿಗಳು ಬಂದವು; ‘ಹೀಗೆ ಮಾಡಿಕೊಳ್ಳಬೇಡಿ’ ಎಂದು ದುಃಖದಲ್ಲಿದ್ದ ಕುಟುಂಬವೇ ಬೇಡಿಕೊಳ್ಳಬೇಕಾಯಿತು.

ಹಾಗಾದರೆ ಈ ವಸ್ತುವನ್ನು ಮುಟ್ಟಲೇಬಾರದೆ? ಮುಟ್ಟಬೇಕು. ಮೊಜಾರ್ಟನ ‘ಮಾಯಾ ಕೊಳಲು’ ಸಂಗೀತ ನಾಟಕದಲ್ಲಿ ಸಾಯಲು ಹೊರಟ ಪಾಪಗೇನೋನನ್ನು ಮೂವರು ಹುಡುಗರು ತಡೆದು, ನಿನ್ನ ಬಳಿ ಗಂಟೆಗಳಿವೆಯಲ್ಲ, ನುಡಿಸು ಎನ್ನುತ್ತಾರೆ. ಸಂಕಟವನ್ನು ದಾಟಿ ಬಂದವರ ಕಥೆಗಳನ್ನು ಮಾಧ್ಯಮಗಳು ಹೇಳಿದಾಗ ಆತ್ಮಹತ್ಯೆಗಳು ಇಳಿಯುವ ಸೂಚನೆಯನ್ನು 2010ರಲ್ಲಿ ಗುರುತಿಸಿದ ವಿಯೆನ್ನಾದ ಸಂಶೋಧಕರು ಅದಕ್ಕೆ ಇದೇ ಪಾತ್ರದ ಹೆಸರಿಟ್ಟರು. ಅಂದರೆ ಕಥೆ ಕೊಲ್ಲಬಲ್ಲುದಾದರೆ ಕಾಯಲೂ ಬಲ್ಲುದು.

ನಮ್ಮ ಬರಹಗಾರರು ಬರೆಯಬೇಕಾದ ದೃಶ್ಯ ಅದು: ತಡೆದವರು ಯಾರು, ಏನೆಂದರು, ಮರುದಿನ ಬೆಳಗ್ಗೆ ಏನಾಯಿತು. ಬೇಕಿದ್ದರೆ ಅದೇ ಅಡಿಪಟ್ಟಿಯಲ್ಲಿ ಟೆಲಿ-ಮಾನಸ್ ಸಹಾಯವಾಣಿ 14416 ಓಡಲಿ. ಕನ್ನಡದಲ್ಲೇ ಮಾತಾಡುವವರು ಅಲ್ಲಿ ಸಿಗುತ್ತಾರೆ. ‘ಶರಣು’ ಮಾತ್ರ ಬದುಕಿರುವವರಿಗೆ ಹೇಳುವ ಮಾತಾಗಿಯೇ ಉಳಿಯಲಿ.