ಹೊಳಪಿಗೆ ಎಷ್ಟು ಅಂಕ?

ಕಳೆದ ದಸರೆಗೆ ಬೆಂಗಳೂರಿನಿಂದ ಬಂದ ಮಗ ನನ್ನ ಕೈಗೊಂದು ರಟ್ಟಿನ ಪೆಟ್ಟಿಗೆ ಇಟ್ಟ. ಸೀರೆ ಇರಬಹುದೆಂದು ಆಸೆಯಿಂದ ಬಿಚ್ಚಿದರೆ ಒಳಗೆ ನಾಲ್ಕು ಬಾಟಲಿ, ಎರಡು ಮೆತ್ತನೆಯ ಬಟ್ಟೆ, ಬೆಕ್ಕಿನ ಮರಿಯಷ್ಟು ಮೃದುವಾದ ಒಂದು ಕೈಗವಸು, ಜೊತೆಗೆ ಒಂದು ಪುಟ್ಟ ಪುಸ್ತಕ. “ಕಾರಿನ ಡೀಟೇಲಿಂಗ್ ಸಾಮಾನು ಅಮ್ಮಾ. ಮನೆಯಲ್ಲೇ ಕಾರು ಕನ್ನಡಿ ಆಗುತ್ತೆ ನೋಡು” ಎಂದ. ಡೀಟೇಲಿಂಗ್ ಎಂದರೆ ಬರೀ ತೊಳೆಯುವುದಲ್ಲವಂತೆ. ಸಂದುಗೊಂದುಗಳ ಧೂಳು ತೆಗೆದು, ಪಾಲಿಶ್ ಹಾಕಿ, ಮೇಣ ಹಚ್ಚಿ, ಹೊಸ ಮದುಮಗಳಂತೆ ಸಿಂಗರಿಸಿ ನಿಲ್ಲಿಸುವುದಂತೆ.

ಸೀರೆ ಅಲ್ಲವೆಂಬ ಬೇಸರವನ್ನು ನುಂಗಿಕೊಂಡು ಪುಸ್ತಕ ಕೈಗೆತ್ತಿಕೊಂಡೆ. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವಳಿಗೆ ಅಚ್ಚಾದದ್ದು ಏನೇ ಕಂಡರೂ ಕೆಂಪು ಪೆನ್ನಿನ ನೆನಪಾಗುತ್ತದೆ. ಆದ್ದರಿಂದ ಈ ಪುಸ್ತಕವನ್ನೂ ಹಾಗೆಯೇ ಓದಿದೆ.

ಮೊದಲು ಸರಿಯುತ್ತರಗಳಿಗೆ ಅಂಕ ಕೊಡಬೇಕು. ಕಾರನ್ನು ಬಿಸಿಲಲ್ಲಿ ತೊಳೆಯಬೇಡಿ, ನೀರು ಆರಿ ಕಲೆ ನಿಲ್ಲುತ್ತದೆ ಎನ್ನುತ್ತದೆ ಪುಸ್ತಕ. ಸರಿ. ಮೇಲಿನಿಂದ ಕೆಳಕ್ಕೆ ತೊಳೆಯಿರಿ, ಚಕ್ರಕ್ಕೆ ಬೇರೆಯೇ ಬಟ್ಟೆ ಇರಲಿ. ಸರಿ. ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಇದಕ್ಕಂತೂ ಪೂರ್ತಿ ಅಂಕ. ಕೊಳೆ ಬಟ್ಟೆಯನ್ನು ಅದೇ ಸೋಪಿನ ನೀರಿಗೆ ಅದ್ದಿ ಅದೇ ಕೊಳೆಯನ್ನು ಮತ್ತೆ ಕಾರಿಗೆ ಬಳಿಯುವುದು ಪಾತ್ರೆ ತೊಳೆಯುವ ಯಾವ ಹೆಂಗಸೂ ಮಾಡದ ಕೆಲಸ.

ತಪ್ಪು ಶುರುವಾಗುವುದು ‘ಕೊಳೆ’ ಎಂಬ ಪದದಿಂದಲೇ. ಪುಸ್ತಕ ಬರೆದವರಿಗೆ ಕೊಳೆ ಎಂದರೆ ಎಲ್ಲ ಊರಲ್ಲೂ ಒಂದೇ. ನನ್ನ ಕಾರು ಕಾಣುವ ಕೊಳೆ ಮೂರು ಬಗೆಯದು. ನಾನು ಪಾಠ ಹೇಳುವ ಶಾಲೆ ಸಂಡೂರಿನ ಕಡೆಗಿದೆ. ಆ ದಾರಿಯಲ್ಲಿ ಅದಿರಿನ ಕೆಂಪು ಧೂಳು. ನನ್ನ ತವರು ಕಂಪ್ಲಿ. ಗದ್ದೆ ನಾಟಿಯ ಕಾಲಕ್ಕೆ ಅಲ್ಲಿಗೆ ಹೋಗಿ ಬಂದರೆ ಟ್ರ್ಯಾಕ್ಟರುಗಳು ರಸ್ತೆಗೆ ಚೆಲ್ಲಿದ ಎರೆಮಣ್ಣಿನ ಕೆಸರು. ಮನೆಗೆ ನೆಂಟರು ಬಂದರೆ ಹಂಪಿಗೆ ಕರೆದುಕೊಂಡು ಹೋಗದೆ ವಿಧಿಯಿಲ್ಲ. ಅಲ್ಲಿಂದ ಬರುವುದು ಬಂಡೆಗಳು ಸವೆದು ಉದುರಿದ ಕಲ್ಲುಪುಡಿ.

ಈ ಮೂರಕ್ಕೂ ಒಂದೇ ಮದ್ದು ಸಾಲದು. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿಗಿದು ಹಿಡಿಯುತ್ತದೆ. ಅದನ್ನು ಉಗುರಿನಿಂದ ಕೆರೆಯದೆ ಒದ್ದೆ ಗೋಣಿ ಹೊದಿಸಿ ಅರ್ಧ ಗಂಟೆ ನೆನೆಯಲು ಬಿಡಬೇಕು. ಹಂಪಿಯ ಕಲ್ಲುಪುಡಿಯಲ್ಲಿ ಬೆಣಚುಕಲ್ಲಿನ ಕಣಗಳಿವೆ. ಮೋಸ್ ಎಂಬ ವಿಜ್ಞಾನಿ ಮಾಡಿದ ಗಡಸುತನದ ಮಾಪಕದಲ್ಲಿ ಬೆಣಚುಕಲ್ಲು 7, ಕಿಟಕಿಯ ಗಾಜು ಸುಮಾರು 5.5. ಸಂಡೂರಿನ ಹೆಮಟೈಟ್ ಅದಿರು 5.5ರಿಂದ 6.5. ಕಾರಿನ ಬಣ್ಣದ ಮೇಲಿರುವ ಪಾರದರ್ಶಕ ಲೇಪವೋ ಗಾಜಿಗಿಂತ ಎಷ್ಟೋ ಮೆತ್ತಗಿನದು, ತಲೆಗೂದಲಿಗಿಂತ ತೆಳ್ಳಗಿನದು.

ಇದು ನನಗೆ ಗೊತ್ತಾದದ್ದು ಪೆಟ್ಟು ತಿಂದ ಮೇಲೆ. ಕಾರು ಕೊಂಡ ಮೊದಲ ವರ್ಷ ದಿನಾ ಬೆಳಿಗ್ಗೆ ಹಳೆಯ ಪಂಚೆಯ ತುಂಡಿನಿಂದ ಕೆಂಪು ಧೂಳನ್ನು ಒಣದಾಗಿಯೇ ಒರೆಸುತ್ತಿದ್ದೆ. ಕಾರು ಶುಭ್ರವಾಗಿ ಕಾಣುತ್ತಿತ್ತು. ಒಂದು ಸಂಜೆ ವರಾಂಡದ ಟ್ಯೂಬ್‌ಲೈಟಿನ ಬೆಳಕು ಬಾನೆಟ್ಟಿನ ಮೇಲೆ ಬಿದ್ದಾಗ ಎದೆ ಧಸಕ್ಕೆಂದಿತು. ಜೇಡರ ಬಲೆಯಂತೆ ಸುತ್ತಲೂ ಸಾವಿರ ಗೀರುಗಳು. ನಾನು ಧೂಳು ಒರೆಸಿರಲಿಲ್ಲ, ಗುಡ್ಡವನ್ನು ಹಿಡಿದು ಕಾರನ್ನು ಉಜ್ಜಿದ್ದೆ. ಮುಟ್ಟುವ ಮೊದಲು ನೀರು ಹನಿಸಿ ಧೂಳನ್ನು ಇಳಿಸಬೇಕು ಎಂಬ ಒಂದು ಮಾತು ನಮ್ಮ ಊರಿಗೆ ದಪ್ಪ ಅಕ್ಷರದಲ್ಲಿ ಬೇಕು. ಪುಸ್ತಕದಲ್ಲಿ ಅದು ಇದೆ, ಆದರೆ ಹತ್ತರ ಜೊತೆ ಹನ್ನೊಂದನೆಯ ಸೂಚನೆಯಾಗಿ.

ಇನ್ನು ಗೀರು ಹೋಗಿಸಲು ಪಾಲಿಶ್. ಪುಸ್ತಕ ಇದನ್ನು ‘ಹೊಳಪು ನೀಡುವುದು’ ಎನ್ನುತ್ತದೆ. ಇಲ್ಲಿ ನನ್ನ ಪೆನ್ನು ಜೋರಾಗಿಯೇ ಓಡಿತು. ಪಾಲಿಶ್ ಏನನ್ನೂ ನೀಡುವುದಿಲ್ಲ, ತೆಗೆಯುತ್ತದೆ. ಗೀರಿನ ಅಕ್ಕಪಕ್ಕದ ಲೇಪವನ್ನು ನುಣ್ಣಗೆ ಸವೆಸಿ ಗೀರಿನ ಆಳಕ್ಕೆ ಸಮ ಮಾಡುವುದೇ ಅದರ ಗುಟ್ಟು. ವಿಚಿತ್ರವೆಂದರೆ ಚಿನ್ನಕ್ಕೆ, ಗಾಜಿಗೆ ಹೊಳಪು ಕೊಡಲು ಬಳಸುವ ನುಣುಪಾದ ಕೆಂಪು ಪುಡಿಯೂ ಕಬ್ಬಿಣದ ಆಕ್ಸೈಡೇ, ಹೆಮಟೈಟಿನ ಜಾತಿಯೇ. ತರಿಯಾಗಿದ್ದರೆ ಗೀರುತ್ತದೆ, ನುಣ್ಣಗಿದ್ದರೆ ಹೊಳೆಸುತ್ತದೆ, ಎರಡರಲ್ಲೂ ಸವೆಯುವುದು ಮಾತ್ರ ತಪ್ಪದು. ತಿಂಗಳಿಗೊಮ್ಮೆ ಪಾಲಿಶ್ ಹಾಕಿ ಎನ್ನುವ ಪುಸ್ತಕ, ತೆಗೆದದ್ದು ತಿರುಗಿ ಬರುವುದಿಲ್ಲ ಎಂದು ಒಂದು ಸಾಲೂ ಹೇಳುವುದಿಲ್ಲ.

ಸವೆದದ್ದು ತಿರುಗಿ ಬರುವುದಿಲ್ಲ ಎಂಬುದನ್ನು ನಮ್ಮ ಸೀಮೆಗೆ ಯಾರೂ ಬಾಟಲಿಯ ಮೇಲೆ ಬರೆದು ಹೇಳಬೇಕಾಗಿಲ್ಲ. 2000ದ ಆಚೆಯ ಆ ವರ್ಷಗಳಲ್ಲಿ ಹೊಸಪೇಟೆಯ ಮೂಲಕ ಹಗಲೂ ರಾತ್ರಿ ಅದಿರಿನ ಲಾರಿಗಳು ಸಾಲುಗಟ್ಟಿದ್ದನ್ನು ಕಂಡವರು ನಾವು. ಹಗ್ಗದ ಮೇಲೆ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕಾವಿಯಾಗುತ್ತಿತ್ತು. ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿ 2011ರ ಜುಲೈಯಲ್ಲಿ ಬಂತು, ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರಲ್ಲಿ ಷರತ್ತುಗಳೊಡನೆ ಮತ್ತೆ ಕೆಲವಕ್ಕೆ ಅನುಮತಿ ಸಿಕ್ಕಿತು. ಅಂದಿನ ಲಾರಿಸಾಲು ಈಗಿಲ್ಲ. ಆದರೂ ನನ್ನ ಬಕೆಟ್ಟಿನ ತಳದಲ್ಲಿ ಇವತ್ತಿಗೂ ಒಂದು ಚಮಚ ಗುಡ್ಡ ಕೂತಿರುತ್ತದೆ. ಅದನ್ನು ‘ಕೊಳೆ’ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಪುಸ್ತಕದ ಎರಡನೆಯ ತಪ್ಪು ಲೆಕ್ಕದ್ದು. ‘ಪೈಪಿನಿಂದ ಧಾರಾಳವಾಗಿ ನೀರು ಬಿಡಿ’ ಎನ್ನುತ್ತದೆ. ಧಾರಾಳ ಎಂದರೆ ಎಷ್ಟು? ನಾನೇ ಅಳೆದೆ. ನಮ್ಮ ಪೈಪು 10 ಲೀಟರಿನ ಬಕೆಟ್ ತುಂಬಲು 50 ಸೆಕೆಂಡು ತೆಗೆದುಕೊಂಡಿತು, ಅಂದರೆ ನಿಮಿಷಕ್ಕೆ 12 ಲೀಟರು. ಪುಸ್ತಕ ಹೇಳಿದಂತೆ ನೆನೆಸಿ, ತೊಳೆದು, ಮತ್ತೆ ತೊಳೆಯಲು 25 ನಿಮಿಷ ಬಿಟ್ಟರೆ 300 ಲೀಟರು. ನಮ್ಮ ಪ್ಲಾಸ್ಟಿಕ್ ಕೊಡ 15 ಲೀಟರಿನದು. ಇಪ್ಪತ್ತು ಕೊಡ ನೀರು!

ನಾನು ಹೀಗೆ ಪೈಪು ಹಿಡಿದು ನಿಂತದ್ದು ನಲ್ಲಿ ನೀರು ಬರುವ ದಿನ. ಎದುರು ಮನೆಯಾಕೆ ಕೊಡ ಸೊಂಟಕ್ಕಿಟ್ಟುಕೊಂಡು ನಿಂತು ಸ್ವಲ್ಪ ಹೊತ್ತು ನೋಡಿದಳು. “ಟೀಚರಮ್ಮಾ, ಕಾರಿಗೆ ಎಣ್ಣಿ ಸ್ನಾನ ಮಾಡ್ಸಾಕತ್ತೀರೇನ್ರಿ? ನಮ್ಮವು ಇನ್ನೂ ನಾಕು ಕೊಡ ತುಂಬಿಲ್ರಿ” ಎಂದಳು. ನಗುತ್ತಲೇ ಅಂದಳು. ನಾನು ನಲ್ಲಿ ನಿಲ್ಲಿಸಿದೆ. ಅವಳ ಮುಖ ನೋಡುವುದು ಕಷ್ಟವಾಯಿತು.

ಪಕ್ಕದಲ್ಲೇ ತುಂಗಭದ್ರೆಯ ಅಣೆಕಟ್ಟು ಇಟ್ಟುಕೊಂಡು ನೀರಿಗೆ ಬರವೇ ಎನ್ನಬಹುದು. ಕಟ್ಟಿದಾಗ ಜಲಾಶಯ 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಅದರ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ತುಂಬಿದ ನೀರು ಕಣ್ಣೆದುರೇ ಹೊಳೆಗೆ ಹರಿಯುವಾಗ ಕಂಪ್ಲಿಯಿಂದ ನಮ್ಮಣ್ಣ ದಿನಕ್ಕೆರಡು ಸಲ ಫೋನ್ ಮಾಡಿ ಭತ್ತದ ಗತಿ ಏನೆಂದು ಕೇಳುತ್ತಿದ್ದ. ವಾರದೊಳಗೆ ತಾತ್ಕಾಲಿಕ ಗೇಟು ಕೂತ ಮೇಲೆಯೇ ಅವನಿಗೆ ನಿದ್ದೆ. ಅದೇ ವರ್ಷದ ಮಾರ್ಚಿಯಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆದರೆ 5000 ರೂಪಾಯಿ ದಂಡ ಎಂದು ಆದೇಶಿಸಿತ್ತು. ಆ ಊರಿನಿಂದಲೇ ಈ ಪುಸ್ತಕ ನನ್ನ ಮನೆಗೆ ಬಂದದ್ದು ನೋಡಿ!

ಹಾಗಾದರೆ ಕಾರು ತೊಳೆಯುವುದೇ ಬೇಡವೇ? ಹಾಗಲ್ಲ. ಮಹಾನವಮಿ ದಿಬ್ಬ ಇರುವ ನಾಡಿನವರು ನಾವು, ಆಯುಧಪೂಜೆ ನಮಗೆ ಹೊಸದಲ್ಲ. ಅಂದು ಕುಡುಗೋಲು, ಹೊಲಿಗೆ ಯಂತ್ರ, ಸೈಕಲ್ಲು, ಲಾರಿ ಎಲ್ಲಕ್ಕೂ ಸ್ನಾನ. ನಮಗಾಗಿ ದುಡಿದದ್ದಕ್ಕೆ ಕೃತಜ್ಞತೆಯಾಗಿ ನಾವು ಅವನ್ನು ತೊಳೆಯುತ್ತೇವೆ. ಕೆಸರು ನಿಂತರೆ ತಗಡು ತುಕ್ಕು ಹಿಡಿಯುತ್ತದೆ, ಗಾಜು ಮಸುಕಾದರೆ ಅಪಾಯ. ಈ ಕಾರಣಗಳೇ ಸಾಕು. ಪುಸ್ತಕದಲ್ಲಿ ಇವೆರಡರ ಮಾತಿಲ್ಲ. ಅದರ ಕೊನೆಯ ಪುಟದಲ್ಲಿ ಇರುವುದು ಬಾನೆಟ್ಟಿನಲ್ಲಿ ತನ್ನ ಮುಖ ನೋಡಿಕೊಂಡು ನಗುವ ಒಬ್ಬ ಯುವಕ.

ಈಗ ನನ್ನ ಕ್ರಮ ಹೀಗಿದೆ. ನಲ್ಲಿ ಬಾರದ ದಿನ, ಸಂಜೆಯ ನೆರಳಲ್ಲಿ, ಗಿಡಕ್ಕೆ ನೀರು ಹಾಕುವ ಝಾರಿಯಿಂದ ಮೇಲಿನಿಂದ ನೀರು ಹನಿಸಿ ಧೂಳು ಇಳಿಸುತ್ತೇನೆ. ಆಮೇಲೆ ಆ ಎರಡು ಬಕೆಟ್. ಬಟ್ಟೆ ಒಗೆಯುವ ಪುಡಿ ಮೇಣವನ್ನು ಕಿತ್ತುಹಾಕುವುದರಿಂದ ಕಾರಿನ ಶಾಂಪೂವನ್ನೇ ಹಾಕುತ್ತೇನೆ, ಒಂದು ಮುಚ್ಚಳ ಮಾತ್ರ. ಬಟ್ಟೆಯನ್ನು ಸುತ್ತಿ ಸುತ್ತಿ ಉಜ್ಜದೆ ನೇರವಾಗಿ ಎಳೆಯುತ್ತೇನೆ. ಎಲ್ಲ ಸೇರಿ ನಾಲ್ಕೂವರೆ ಬಕೆಟ್, 45 ಲೀಟರು. ಮೂರು ಕೊಡ. ಹಳೆಯ ಗೀರುಗಳು ಹಾಗೆಯೇ ಇವೆ. ಪಾಲಿಶ್ ಬಾಟಲಿಯ ಮುಚ್ಚಳ ಇನ್ನೂ ತೆಗೆದಿಲ್ಲ.

ಪುಸ್ತಕಕ್ಕೆ ನೂರಕ್ಕೆ 45 ಕೊಟ್ಟೆ. ಕೆಲಸ ಬಲ್ಲ ಕೈ ಬರೆದದ್ದೆಂಬುದಕ್ಕೆ ಅಷ್ಟು. ಉಳಿದ 55 ಕಳೆದದ್ದು ಊರು ಕೇಳದೆ, ನೀರು ಅಳೆಯದೆ, ಸವೆತವನ್ನು ಹೊಳಪೆಂದು ಕರೆದದ್ದಕ್ಕೆ.

ಮೊನ್ನೆ ಮಗ ಫೋನಿನಲ್ಲಿ ಕೇಳಿದ: “ಕಾರು ಕನ್ನಡಿ ಆಯ್ತೇನಮ್ಮಾ?”

“ಮುಖ ನೋಡ್ಕೊಳ್ಳೋಕೆ ಮನೇಲಿ ಕನ್ನಡಿ ಇದೆಯಲ್ಲಪ್ಪಾ” ಎಂದೆ. “ಮುಂದಿನ ದಸರೆಗೆ ಸೀರೆ ತಾ.”