ಕಾರಣ ಬಿಟ್ಟ ಸುದ್ದಿ

ಧಾರವಾಡದ ಸಪ್ತಾಪುರದಲ್ಲಾಗಲಿ ಬೆಂಗಳೂರಿನ ವಿಜಯನಗರದಲ್ಲಾಗಲಿ ಕೋಚಿಂಗ್ ಕೇಂದ್ರಗಳ ಸುತ್ತಲಿನ ಪುಸ್ತಕದಂಗಡಿಗೆ ಹೋದರೆ ಎದುರಿಗೇ ಕಾಣುವುದು ಪ್ರಚಲಿತ ವಿದ್ಯಮಾನಗಳ ಮಾಸಿಕ ಸಂಚಿಕೆಗಳು. ಕೆಎಎಸ್‌ಗೆ ಓದುವವರು, ಪಿಎಸ್‌ಐಗೆ ಓದುವವರು, ಎಫ್‌ಡಿಎ ಆದರೂ ಆಗಲಿ ಎಂದು ಬಂದವರು, ಯುಪಿಎಸ್‌ಸಿಯನ್ನೇ ನೆಚ್ಚಿ ಕುಳಿತವರು ಎಲ್ಲರೂ ಅಲ್ಲಿಂದಲೇ ಎತ್ತಿಕೊಳ್ಳುತ್ತಾರೆ. ಕೊಳ್ಳಲಾಗದವರಿಗೆ ಟೆಲಿಗ್ರಾಂ ಗ್ರೂಪಿನಲ್ಲಿ ಪಿಡಿಎಫ್ ಸಿಗುತ್ತದೆ. ಪ್ರಕಾಶಕರು ಬೇರೆಬೇರೆ, ಒಳಗಿನ ಕಟ್ಟು ಬಹುಪಾಲು ಒಂದೇ: ರಾಷ್ಟ್ರೀಯ, ಅಂತರರಾಷ್ಟ್ರೀಯ, ರಾಜ್ಯ, ಕ್ರೀಡೆ, ಪ್ರಶಸ್ತಿ, ನೇಮಕ, ನಿಧನ, ಸೂಚ್ಯಂಕ, ಸಮರಾಭ್ಯಾಸ, ದಿನಾಚರಣೆ. ಪ್ರತಿ ಸುದ್ದಿಗೆ ಎರಡು ಮೂರು ಸಾಲು, ಪಕ್ಕದಲ್ಲಿ ‘ನೆನಪಿಡಿ’ ಎಂಬ ಚೌಕ, ಕೊನೆಯಲ್ಲಿ ಬಹುಆಯ್ಕೆಯ ಪ್ರಶ್ನೆಗಳು.

ಈ ಬರವಣಿಗೆಯನ್ನು ನಮ್ಮಲ್ಲಿ ವಿಮರ್ಶೆಗೆ ಎತ್ತಿಕೊಳ್ಳುವವರು ಕಡಿಮೆ. ಕಾದಂಬರಿಗೆ, ಕವನ ಸಂಕಲನಕ್ಕೆ ಸಿಗುವ ಗಮನದ ಸಣ್ಣ ಪಾಲೂ ಇದಕ್ಕೆ ಸಿಕ್ಕಿಲ್ಲ. ಆದರೆ ಇಪ್ಪತ್ತು ದಾಟಿದ ಸಾವಿರಾರು ಹುಡುಗ ಹುಡುಗಿಯರು ರೀಡಿಂಗ್ ರೂಮಿನಲ್ಲಿ ಕುಳಿತು ವರ್ಷಗಟ್ಟಲೆ ಗೆರೆ ಹಾಕಿ ಓದುವ ಕನ್ನಡ ಗದ್ಯ ಇದೇ. ನಾಳೆ ತಹಶೀಲ್ದಾರರೋ ಡಿವೈಎಸ್‌ಪಿಯೋ ಆಗುವವರಿಗೆ ನಾಡಿನ ಆಗುಹೋಗುಗಳ ಮೊದಲ ಗಂಭೀರ ಪರಿಚಯ ಆಗುವುದು ಇದರಿಂದ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಸಂಚಿಕೆಗಳಲ್ಲಿ ಹೆಚ್ಚಿನವು ಸುದ್ದಿಯನ್ನು ಕೊಟ್ಟು ಅದರ ಕಾರಣವನ್ನು ಬಿಟ್ಟುಬಿಡುತ್ತವೆ. ಹಾಗೆ ಬಿಟ್ಟಿದ್ದರಿಂದ ಅವು ಪರೀಕ್ಷೆಗೂ ಸಾಲುವುದಿಲ್ಲ, ಆಮೇಲಿನ ಕೆಲಸಕ್ಕೂ ಸಾಲುವುದಿಲ್ಲ.

2023ರ ಸೆಪ್ಟೆಂಬರ್ ತಿಂಗಳನ್ನೇ ನೋಡೋಣ. ಮಳೆ ಕೈಕೊಟ್ಟ ವರ್ಷ. ತಮಿಳುನಾಡಿಗೆ ಹದಿನೈದು ದಿನ 5,000 ಕ್ಯೂಸೆಕ್‌ನಂತೆ ನೀರು ಬಿಡಬೇಕೆಂದು ಕಾವೇರಿ ನೀರು ನಿಯಂತ್ರಣ ಸಮಿತಿ ಹೇಳಿತು. ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಅದನ್ನು ಎತ್ತಿಹಿಡಿಯಿತು, ಸುಪ್ರೀಂ ಕೋರ್ಟ್ ನಡುವೆ ಬರಲು ಒಪ್ಪಲಿಲ್ಲ. 26ರಂದು ಬೆಂಗಳೂರು ಬಂದ್, 29ರಂದು ಕರ್ನಾಟಕ ಬಂದ್ ನಡೆದವು. ಸುದ್ದಿಯನ್ನು ಒಂದು ಸಾಲಿಗೆ ಇಳಿಸುವ ‘ಒನ್ ಲೈನರ್’ ಪದ್ಧತಿಯಲ್ಲಿ ಈ ಇಡೀ ಪ್ರಕರಣದಿಂದ ಉಳಿಯುವುದು 5,000 ಎಂಬ ಅಂಕಿ, 15 ಎಂಬ ದಿನದ ಲೆಕ್ಕ, ಪ್ರಾಧಿಕಾರ ರಚನೆಯಾದ 2018 ಎಂಬ ಇಸವಿ. ಮೂರೂ ಸರಿ. ಆದರೆ ಆ 5,000 ಹೆಚ್ಚೋ ಕಡಿಮೆಯೋ ಎಂದು ಕೇಳಿದರೆ ಇದನ್ನಷ್ಟೇ ಓದಿದವರ ಬಳಿ ಉತ್ತರವಿರುವುದಿಲ್ಲ.

ಉತ್ತರ ಕಷ್ಟದ್ದೇನಲ್ಲ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ದಿನಕ್ಕೆ 86,400 ಸೆಕೆಂಡು. 5,000 ಕ್ಯೂಸೆಕ್ ಒಂದು ದಿನ ಹರಿದರೆ 43.2 ಕೋಟಿ ಘನ ಅಡಿ. ನೂರು ಕೋಟಿ ಘನ ಅಡಿಗೆ ಒಂದು ಟಿಎಂಸಿ, ಅಂದರೆ ದಿನಕ್ಕೆ 0.43 ಟಿಎಂಸಿ. ಹದಿನೈದು ದಿನಕ್ಕೆ ಸುಮಾರು ಆರೂವರೆ ಟಿಎಂಸಿ. ಕೆಆರ್‌ಎಸ್ ತುಂಬಿದರೆ ಹಿಡಿಯುವುದು 49.45 ಟಿಎಂಸಿ. ತುಂಬದ ಜಲಾಶಯದಿಂದ ಆರೂವರೆ ಟಿಎಂಸಿ ಹೋಗುವುದು ಮಂಡ್ಯದ ರೈತನಿಗೆ ಏನೆಂದು ಈಗ ಅರ್ಥವಾಗುತ್ತದೆ. ಇನ್ನೊಂದು ಮಗ್ಗುಲೂ ಇದೆ. ಸುಪ್ರೀಂ ಕೋರ್ಟಿನ 2018ರ ತೀರ್ಪಿನ ಪ್ರಕಾರ ಸಾಮಾನ್ಯ ಮಳೆಯ ವರ್ಷದಲ್ಲಿ ಗಡಿಯ ಮಾಪನ ಕೇಂದ್ರವಾದ ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ 177.25 ಟಿಎಂಸಿ ಹರಿಯಬೇಕು, ಅದರಲ್ಲಿ ಸೆಪ್ಟೆಂಬರ್ ಪಾಲು 36.76. ಇಡೀ ತಿಂಗಳು 5,000 ಕ್ಯೂಸೆಕ್ ಬಿಟ್ಟರೂ ಹದಿಮೂರು ಟಿಎಂಸಿ ಮುಟ್ಟುವುದಿಲ್ಲ, ಸಾಮಾನ್ಯ ವರ್ಷದ ಪಾಲಿನ ಮೂರನೇ ಒಂದರಷ್ಟು ಮಾತ್ರ. ಇಲ್ಲಿಯವರಿಗೆ ಹೆಚ್ಚಾಗಿ ಕಂಡ ಅದೇ ಅಂಕಿ ತಂಜಾವೂರಿನ ಕಡೆಯವರಿಗೆ ಯಾಕೆ ಕಡಿಮೆಯಾಗಿ ಕಂಡಿತು ಎಂಬುದಕ್ಕೆ ಈ ಗುಣಾಕಾರ ಭಾಗಾಕಾರದಲ್ಲೇ ವಿವರಣೆ ಇದೆ. ಜಗಳದ ಬೇರು ಇನ್ನೂ ಒಳಗಿದೆ. ಸಂಕಷ್ಟದ ವರ್ಷದಲ್ಲಿ ಪಾಲುಗಳನ್ನು ಅದೇ ಪ್ರಮಾಣದಲ್ಲಿ ಇಳಿಸಬೇಕೆಂದು ಕಾವೇರಿ ಜಲವಿವಾದ ನ್ಯಾಯಮಂಡಳಿ ಹೇಳಿತ್ತು. ಆ ಇಳಿಕೆಯನ್ನು ತಿಂಗಳಿಂದ ತಿಂಗಳಿಗೆ ಹೇಗೆ ಲೆಕ್ಕ ಹಾಕಬೇಕು ಎಂಬುದರಲ್ಲಿ ಎರಡು ರಾಜ್ಯಗಳಿಗೆ ಒಮ್ಮತವಿಲ್ಲ. ಮಳೆ ಬಂದ ವರ್ಷ ಜಗಳ ತಣ್ಣಗಾಗಿ, ಬಾರದ ವರ್ಷ ಮತ್ತೆ ಏಳುವುದು ಇದರಿಂದ.

ನ್ಯಾಯಮಂಡಳಿಯ 2007ರ ಐತೀರ್ಪಿನಲ್ಲಿ 270 ಟಿಎಂಸಿ ಇದ್ದ ನಮ್ಮ ಪಾಲು ಸುಪ್ರೀಂ ಕೋರ್ಟಿನ 2018ರ ತೀರ್ಪಿನಲ್ಲಿ 284.75 ಆಯಿತು ಎಂಬುದು ಬಹುತೇಕ ಅಭ್ಯರ್ಥಿಗಳಿಗೆ ಬಾಯಿಪಾಠ. ಸೇರಿದ 14.75 ಎಲ್ಲಿಂದ ಬಂತು? ತಮಿಳುನಾಡಿನ ಅಂತರ್ಜಲವನ್ನು ಲೆಕ್ಕಕ್ಕೆ ಹಿಡಿದಿದ್ದರಿಂದ ಹತ್ತು ಟಿಎಂಸಿ, ಬೆಂಗಳೂರಿನ ಕುಡಿಯುವ ನೀರಿಗೆ 4.75. ನ್ಯಾಯಮಂಡಳಿ ನಗರದ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕಣಿವೆಯೊಳಗಿದೆ ಎಂದು ಅಷ್ಟಕ್ಕೇ ನೀರು ಲೆಕ್ಕ ಹಾಕಿತ್ತು. ಕುಡಿಯುವ ನೀರಿನ ವಿಷಯದಲ್ಲಿ ಊರನ್ನು ಹಾಗೆ ಹೋಳು ಮಾಡಲಾಗದು ಎಂದು ಸುಪ್ರೀಂ ಕೋರ್ಟ್ ತಿದ್ದಿತು. ನಗರ, ಕಣಿವೆ, ಅಂತರ್ಜಲ, ಒಕ್ಕೂಟ ವ್ಯವಸ್ಥೆ ಎಲ್ಲವನ್ನೂ ಒಂದೇ ಎಳೆಯಲ್ಲಿ ಕಲಿಸಬಲ್ಲ ಪಾಠ ಇದು. ಅರ್ಧ ಪುಟ ಸಾಕು. ಆ ಅರ್ಧ ಪುಟವನ್ನು ಸಮರಾಭ್ಯಾಸಗಳ ಹೆಸರು ನುಂಗಿಹಾಕಿರುತ್ತದೆ.

ಕಾರಣವಿಲ್ಲದ ಸುದ್ದಿಗೆ ಇನ್ನೊಂದು ಅಪಾಯವಿದೆ, ಅದು ಬೇಗ ಹಳಸುತ್ತದೆ. 2025ರ ಏಪ್ರಿಲ್ 8ರಂದು ತಮಿಳುನಾಡು ರಾಜ್ಯಪಾಲರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಮಸೂದೆಗಳ ಬಗ್ಗೆ ತೀರ್ಮಾನಿಸಲು ರಾಜ್ಯಪಾಲರಿಗೂ ರಾಷ್ಟ್ರಪತಿಗೂ ಗಡುವು ಹಾಕಿತು, ತಡೆಹಿಡಿದಿದ್ದ ಹತ್ತು ಮಸೂದೆಗಳಿಗೆ ಅಂಕಿತ ಬಿದ್ದಂತೆಯೇ ಎಂದಿತು. ‘ರಾಜ್ಯಪಾಲರಿಗೆ ಮೂರು ತಿಂಗಳ ಗಡುವು’ ಎಂಬ ಸಾಲನ್ನು ನೋಟ್ಸ್‌ಗೆ ಇಳಿಸಿಕೊಳ್ಳುವುದು ಸುಲಭವಿತ್ತು. ಮರು ತಿಂಗಳೇ ರಾಷ್ಟ್ರಪತಿಯವರು 143ನೇ ವಿಧಿಯಡಿ ಹದಿನಾಲ್ಕು ಪ್ರಶ್ನೆಗಳನ್ನು ನ್ಯಾಯಾಲಯದ ಮುಂದಿಟ್ಟರು. ಐವರ ಪೀಠ ನವೆಂಬರ್ 20ರಂದು ಕೊಟ್ಟ ಅಭಿಪ್ರಾಯದಲ್ಲಿ, ಸಂವಿಧಾನದಲ್ಲಿ ಇಲ್ಲದ ಗಡುವನ್ನು ನ್ಯಾಯಾಲಯ ಹೇರಲಾಗದು, ಅಂಕಿತ ಬಿದ್ದಂತೆಯೇ ಎಂದು ಭಾವಿಸುವುದಕ್ಕೂ ಆಸ್ಪದವಿಲ್ಲ ಎಂದಿತು. ಹಾಗೆಂದು ಕಾರಣವಿಲ್ಲದೆ ಮಸೂದೆಯ ಮೇಲೆ ಕೂರುವಂತಿಲ್ಲ, ಅಂಥ ಸಂದರ್ಭದಲ್ಲಿ ಮಿತವಾದ ನ್ಯಾಯಾಂಗ ಪರಿಶೀಲನೆ ಸಾಧ್ಯ ಎಂದೂ ಹೇಳಿತು. ಏಪ್ರಿಲ್ ಸಂಚಿಕೆಯ ಸಾಲನ್ನು ಬಾಯಿಪಾಠ ಮಾಡಿದವರು ಡಿಸೆಂಬರಿನಲ್ಲಿ ತಪ್ಪು ಉತ್ತರವನ್ನು ಪೂರ್ಣ ವಿಶ್ವಾಸದಿಂದ ಬರೆಯುತ್ತಾರೆ. ರಾಜ್ಯಪಾಲರ ಅಂಕಿತಕ್ಕೆ ಸಂಬಂಧಿಸಿದ 200ನೇ ವಿಧಿಯಲ್ಲಿ ಏನಿದೆ, ಏನಿಲ್ಲ, ಅದರ ಖಾಲಿ ಜಾಗ ಯಾವುದು ಎಂದು ತಿಳಿದವರಿಗೆ ಆ ತೀರ್ಪೂ ಈ ಅಭಿಪ್ರಾಯವೂ ಒಂದೇ ವಾದದ ಎರಡು ಹಂತಗಳಾಗಿ ಕಾಣುತ್ತವೆ. ಇದು ಪಕ್ಕದ ರಾಜ್ಯದ ಮಾತೂ ಅಲ್ಲ. ಸರ್ಕಾರಿ ಗುತ್ತಿಗೆಯಲ್ಲಿ ಮೀಸಲಾತಿ ವಿಸ್ತರಿಸುವ ಕರ್ನಾಟಕದ ಮಸೂದೆಯನ್ನು ನಮ್ಮ ರಾಜ್ಯಪಾಲರು ರಾಷ್ಟ್ರಪತಿಯವರ ಪರಿಶೀಲನೆಗೆ ಕಾದಿರಿಸಿದ್ದು ಅದೇ ಏಪ್ರಿಲ್‌ನಲ್ಲಿ.

ಪರೀಕ್ಷೆಯೇ ಒಂದು ಸಾಲಿನ ಉತ್ತರ ಕೇಳುತ್ತದೆಯಲ್ಲ ಎಂಬ ವಾದವಿದೆ. ಯುಪಿಎಸ್‌ಸಿಯ ಮಟ್ಟಿಗೆ ಈ ವಾದ ಹೆಚ್ಚು ದೂರ ಹೋಗುವುದಿಲ್ಲ. ಜಾಗತಿಕ ಹಸಿವಿನ ಸೂಚ್ಯಂಕದಲ್ಲಿ ಭಾರತ ಎಷ್ಟನೆಯದು ಎಂಬುದು ‘ನೆನಪಿಡಿ’ ಚೌಕದ ಕಾಯಂ ಅತಿಥಿ. 2016ರ ಪ್ರಿಲಿಮ್ಸ್‌ನಲ್ಲಿ ಕೇಳಿದ್ದು ಆ ಸೂಚ್ಯಂಕವನ್ನು ಯಾವ ಅಳತೆಗಳಿಂದ ಕಟ್ಟುತ್ತಾರೆ ಎಂಬುದನ್ನು. ಆ ಅಳತೆಗಳು ನಾಲ್ಕು: ಅಪೌಷ್ಟಿಕತೆ, ಮಕ್ಕಳ ಕುಂಠಿತ ಬೆಳವಣಿಗೆ, ಎತ್ತರಕ್ಕೆ ತಕ್ಕ ತೂಕವಿಲ್ಲದಿರುವುದು, ಐದು ವರ್ಷದೊಳಗಿನ ಮಕ್ಕಳ ಸಾವು. ನಾಲ್ಕರಲ್ಲಿ ಮೂರು ಮಕ್ಕಳವು ಎಂದು ತಿಳಿದ ಮೇಲೆ ಅದರ ಬಗ್ಗೆ ಕೇಂದ್ರ ಸರ್ಕಾರದ ಆಕ್ಷೇಪ ಯಾವುದು, ಅಂಗನವಾಡಿಗೂ ಈ ಸೂಚ್ಯಂಕಕ್ಕೂ ಇರುವ ನಂಟು ಯಾವುದು ಎಂಬುದು ತಾನಾಗಿ ಬಿಡಿಸಿಕೊಳ್ಳುತ್ತದೆ. ಸ್ಥಾನವನ್ನು ಮಾತ್ರ ನೆನಪಿಟ್ಟುಕೊಂಡವರು 2023ರಲ್ಲಿ 111, 2024ರಲ್ಲಿ 105 ಎಂದು ಓದಿ ದೇಶ ಆರು ಮೆಟ್ಟಿಲು ಹತ್ತಿತೆಂದು ತಿಳಿಯುತ್ತಾರೆ. ಒಂದು ವರ್ಷದ ವರದಿಯ ಸ್ಥಾನವನ್ನು ಇನ್ನೊಂದು ವರ್ಷದ್ದರ ಜೊತೆ ಹೋಲಿಸಬಾರದು ಎಂದು ವರದಿಯವರೇ ಹೇಳಿರುವುದು ಅವರ ಕಣ್ಣಿಗೆ ಬಿದ್ದೇ ಇರುವುದಿಲ್ಲ.

2023ರ ಪ್ರಿಲಿಮ್ಸ್‌ನ ಒಂದು ಪ್ರಶ್ನೆಯಲ್ಲಿ ಸುದ್ದಿಯಲ್ಲಿದ್ದ ಸಂಘರ್ಷದ ಮೂರು ಪ್ರದೇಶಗಳನ್ನು ದೇಶಗಳಿಗೆ ಜೋಡಿಸಿದ್ದರು. ಡಾನ್‌ಬಾಸ್ ಸಿರಿಯಾದಲ್ಲಿ, ಕಚಿನ್ ಇಥಿಯೋಪಿಯಾದಲ್ಲಿ, ಟಿಗ್ರೇ ಉತ್ತರ ಯೆಮನ್‌ನಲ್ಲಿ ಎಂದಿತ್ತು. ಮೂರೂ ತಪ್ಪು: ಡಾನ್‌ಬಾಸ್ ಇರುವುದು ಉಕ್ರೇನಿನಲ್ಲಿ, ಕಚಿನ್ ಮ್ಯಾನ್ಮಾರಿನಲ್ಲಿ, ಟಿಗ್ರೇ ಇಥಿಯೋಪಿಯಾದಲ್ಲಿ. ಅದೇ ವರ್ಷ ‘ಇವುಗಳಲ್ಲಿ ಎಷ್ಟು ಸರಿ, ಒಂದೇ, ಎರಡೇ, ಮೂರೂ ಸರಿಯೇ, ಒಂದೂ ಇಲ್ಲವೇ’ ಎಂಬ ಬಗೆಯ ಪ್ರಶ್ನೆಗಳು ಹೆಚ್ಚಾದವು. ಒಂದನ್ನು ಖಚಿತವಾಗಿ ತಿಳಿದು ಉಳಿದದ್ದನ್ನು ಊಹೆಯಿಂದ ಕಳೆಯುವ ಉಪಾಯ ಅಲ್ಲಿ ನಡೆಯುವುದಿಲ್ಲ. ತಪ್ಪಿಗೆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಹೋಗುವ ಪರೀಕ್ಷೆಯಲ್ಲಿ ಅರೆನೆನಪು ಕಟಾಫ್‌ನಿಂದ ಕೆಳಗೆ ದೂಡುತ್ತದೆ. ಡಾನ್‌ಬಾಸ್ ಹೆಸರು ಬಂದ ದಿನವೇ ಭೂಪಟ ತೆರೆದು ಬೆರಳಿಟ್ಟು ನೋಡಿದವರಿಗೆ ಈ ಪ್ರಶ್ನೆಗೆ ಅರ್ಧ ನಿಮಿಷ ಸಾಕು. ಕಪ್ಪುಬಿಳುಪಿನ ಒಂದು ಸಣ್ಣ ನಕಾಶೆ ಹಾಕಲು ಕನ್ನಡದ ಸಂಚಿಕೆಗಳು ಯಾಕಿಷ್ಟು ಹಿಂಜರಿಯುತ್ತವೆ ಎಂಬುದು ನನಗೆ ತಿಳಿಯದು.

ಎದುರು ಸಾಕ್ಷ್ಯವೂ ಇದೆ. ಅದೇ 2023ರಲ್ಲಿ 44ನೇ ಚೆಸ್ ಒಲಿಂಪಿಯಾಡಿನ ಲಾಂಛನದ ಹೆಸರು ‘ತಂಬಿ’ಯೇ, ಮಹಿಳೆಯರ ವಿಭಾಗದ ಟ್ರೋಫಿ ಯಾವುದು ಎಂದೂ ಯುಪಿಎಸ್‌ಸಿ ಕೇಳಿತು. ನಮ್ಮ ರಾಜ್ಯದ ನೇಮಕಾತಿ ಪರೀಕ್ಷೆಗಳಲ್ಲಂತೂ ಪ್ರಶಸ್ತಿ ಯಾರಿಗೆ, ಸಮ್ಮೇಳನ ಎಲ್ಲಿ ಎಂಬ ನೇರ ಪ್ರಶ್ನೆಗಳಿಗೆ ಬರವಿಲ್ಲ. ಪ್ರಶ್ನೆ ತೆಗೆಯುವವರು ಹೀಗೆ ಕೇಳುತ್ತಿರುವಷ್ಟು ಕಾಲ ಸಂಚಿಕೆಯವರನ್ನು ಮಾತ್ರ ದೂರುವುದು ನ್ಯಾಯವಲ್ಲ. ಅವರ ಕಡೆಯ ಲೋಪಕ್ಕೂ ಉದಾಹರಣೆಯಿದೆ: ಕರ್ನಾಟಕ ಲೋಕಸೇವಾ ಆಯೋಗದ (ಕೆಪಿಎಸ್‌ಸಿ) 384 ಹುದ್ದೆಗಳ ಕೆಎಎಸ್ ಪ್ರಿಲಿಮ್ಸ್ 2024ರ ಆಗಸ್ಟ್ 27ರಂದು ನಡೆದು, ಕನ್ನಡ ಪ್ರಶ್ನೆಗಳ ತಪ್ಪುಗಳಿಂದಾಗಿ ಡಿಸೆಂಬರ್ 29ರಂದು ಮತ್ತೆ ನಡೆಯಬೇಕಾಯಿತು. ಎರಡನೆಯ ಸಲವೂ ದೂರುಗಳು ನಿಲ್ಲಲಿಲ್ಲ. ಇಂಗ್ಲಿಷಿನಲ್ಲಿ ಯೋಚಿಸಿದ ಪ್ರಶ್ನೆಯನ್ನು ಅವಸರದಲ್ಲಿ ಕನ್ನಡಕ್ಕೆ ತಿರುಗಿಸುವುದು, ಇಂಗ್ಲಿಷ್ ಪತ್ರಿಕಾ ಪ್ರಕಟಣೆಯನ್ನು ಅವಸರದಲ್ಲಿ ಸಂಚಿಕೆಗೆ ಇಳಿಸುವುದು, ಎರಡೂ ಒಂದೇ ಜಾಡಿನ ಕೆಲಸ. ವಿಷಯ ತಿಳಿದವರು ನೇರವಾಗಿ ಕನ್ನಡದಲ್ಲಿ ಬರೆದಿದ್ದರೆ ಆಗದ ಹಾನಿ ಎರಡು ಕಡೆಯೂ ಆಗಿದೆ. ಅದನ್ನು ಹೊರುವುದು ಹಳ್ಳಿಯ ಸರ್ಕಾರಿ ಶಾಲೆಯಿಂದ ಬಂದು, ಪಿಜಿಯ ಬಾಡಿಗೆಗೆ ಮನೆಯವರಿಂದ ದುಡ್ಡು ತರಿಸಿಕೊಂಡು ಓದುತ್ತಿರುವ ಕನ್ನಡ ಮಾಧ್ಯಮದ ಅಭ್ಯರ್ಥಿ. ಇಂಗ್ಲಿಷ್ ಬಲ್ಲವರಿಗೆ ವಿವರಣೆಯ ಬರಹಕ್ಕೆ ಬೇರೆ ದಾರಿಗಳಿವೆ. ಕನ್ನಡದ ಅಭ್ಯರ್ಥಿಯ ಪಾಲಿಗೆ ಬಂದಿರುವುದು ಪಟ್ಟಿ ಮಾತ್ರ. ನನ್ನನ್ನು ಹೆಚ್ಚು ಕಾಡುವುದು ಇದು.

ಮೇನ್ಸ್‌ಗೆ ಬಂದಾಗ ಈ ಕೊರತೆ ಬಯಲಾಗುತ್ತದೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು; ಪ್ರಬಂಧ ಮತ್ತು ಸಾಮಾನ್ಯ ಅಧ್ಯಯನದ ನಾಲ್ಕು ಪತ್ರಿಕೆಗಳಿಗೆ ತಲಾ 250 ಅಂಕ. ಉದಾಹರಣೆಗೆ, 15ನೇ ಹಣಕಾಸು ಆಯೋಗದಲ್ಲಿ ಕರ್ನಾಟಕದ ತೆರಿಗೆ ಪಾಲು ಶೇ 4.71ರಿಂದ ಶೇ 3.65ಕ್ಕೆ ಇಳಿದದ್ದು ಗೊತ್ತಿದ್ದರೆ ಒಂದು ವಾಕ್ಯವಾಯಿತು. ತಲಾ ಆದಾಯದ ಅಂತರಕ್ಕೆ ಶೇ 45ರಷ್ಟು ತೂಕವಿದ್ದು, ಆದಾಯ ಹೆಚ್ಚಿದ ರಾಜ್ಯಕ್ಕೆ ಪಾಲು ತಗ್ಗುವ ಸೂತ್ರವದು, ಹಿಂದಿನ ಆಯೋಗ 1971ರ ಜನಗಣತಿಗೆ ಕೊಟ್ಟಿದ್ದ ತೂಕವನ್ನು ಈ ಆಯೋಗ ಕೈಬಿಟ್ಟಿತು ಎಂಬುದು ತಿಳಿದಿದ್ದರೆ ಉತ್ತರ ಮುಂದೆ ಸಾಗುತ್ತದೆ.

ಒಳ್ಳೆಯ ಸಾಮಗ್ರಿ ಕನ್ನಡದಲ್ಲಿ ಇಲ್ಲವೇ ಇಲ್ಲ ಎನ್ನಲಾಗದು. ರಾಜ್ಯದ ಆರ್ಥಿಕ ಸಮೀಕ್ಷೆ ಕನ್ನಡದಲ್ಲಿ ಬರುತ್ತದೆ, ಬಜೆಟ್ ಭಾಷಣ ಕನ್ನಡದಲ್ಲಿದೆ, ‘ಯೋಜನಾ’ ಮಾಸಿಕ ಇದೆ. ದಿನಪತ್ರಿಕೆಗಳ ಸಂಪಾದಕೀಯ ಪುಟದಲ್ಲಿ ಎಷ್ಟೋ ಸಲ ಒಂದು ಸುದ್ದಿಯ ಹಿಂದುಮುಂದು ಚೆನ್ನಾಗಿ ಬಿಡಿಸಿಟ್ಟ ಲೇಖನ ಸಿಗುತ್ತದೆ. ಟೆಸ್ಟ್ ಸೀರೀಸಿನ ಅಬ್ಬರದಲ್ಲಿ ಇವನ್ನು ಪಕ್ಕಕ್ಕಿಟ್ಟು, ಇವುಗಳಿಂದಲೇ ಸೋಸಿದ ಪಟ್ಟಿಯನ್ನು ಕೊಂಡು ಓದುವುದು ನಮ್ಮ ಅಭ್ಯಾಸವಾಗಿದೆ. ತಿಂಗಳಿಗೆ ನಾನೂರು ಸುದ್ದಿ ಕೊಡುವ ಸಂಚಿಕೆಯ ಬದಲು, ಮೂವತ್ತೇ ಸುದ್ದಿ ಆಯ್ದು ಪ್ರತಿಯೊಂದಕ್ಕೂ ಅದರ ಕಾನೂನು, ನಕಾಶೆ, ಲೆಕ್ಕ ಜೊತೆಗಿಟ್ಟು, ಹಿಂದಿನ ತಿಂಗಳು ಬರೆದದ್ದು ಈಗ ಬದಲಾಗಿದ್ದರೆ ಅದನ್ನೂ ತಿದ್ದಿ ಹೇಳುವ ಸಂಚಿಕೆ ಬಂದರೆ ಅದರ ಬೆಲೆ ಎರಡು ಪಟ್ಟಾದರೂ ಕೊಳ್ಳಿ ಎಂದು ಹುಡುಗರಿಗೆ ಹೇಳುತ್ತೇನೆ. ಮಾರುಕಟ್ಟೆ ತಾನಾಗಿ ಇದನ್ನು ತರುವುದು ಕಷ್ಟ. ತಳ್ಳಬಲ್ಲವರು ಪ್ರಶ್ನೆ ತೆಗೆಯುವವರು. ‘ಬಿಳಿಗುಂಡ್ಲುವಿನಲ್ಲಿ 5,000 ಕ್ಯೂಸೆಕ್‌ನಂತೆ ಹದಿನೈದು ದಿನ ನೀರು ಹರಿದರೆ ಸುಮಾರು ಎಷ್ಟು ಟಿಎಂಸಿ?’ ಎಂಬ ಪ್ರಶ್ನೆಯನ್ನು ಕೆಪಿಎಸ್‌ಸಿ ಒಂದು ಸಲ ಕೇಳಲಿ. ಆ ವರ್ಷವೇ ಸಪ್ತಾಪುರದ ಸಂಚಿಕೆಗಳಲ್ಲಿ 86,400ರ ಗುಣಾಕಾರ ಅಚ್ಚಾಗುತ್ತದೆ.