ಪಾರ್ಟು ಯಾರದು, ದನಿ ಯಾರದು

ಬೆಂಗಳೂರಿನ ರಾಮಮೂರ್ತಿನಗರಕ್ಕೆ ಅಂಟಿಕೊಂಡ ದೂರವಾಣಿನಗರದಲ್ಲಿ 1948ರಲ್ಲಿ ಐಟಿಐ ಶುರುವಾಯಿತು. ಟೆಲಿಫೋನು ತಯಾರಿಸುತ್ತಿದ್ದ ಈ ಸಂಸ್ಥೆಯಲ್ಲಿ ಸಿ. ಅಶ್ವತ್ಥ್ ಇಪ್ಪತ್ತೇಳು ವರ್ಷ ನೌಕರಿ ಮಾಡಿದರು, ಅದರ ಜೊತೆಜೊತೆಗೇ ಹಾಡು ಕಟ್ಟಿದರು. ಭಾವಗೀತೆಯ ಅಶ್ವತ್ಥ್ ಮನೆಮನೆಗೂ ಗೊತ್ತು. ನಾಟಕದ ಅಶ್ವತ್ಥ್ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಅವರು ಸಿನಿಮಾ ಸಂಗೀತಕ್ಕೆ ಕಾಲಿಟ್ಟದ್ದೇ ಒಂದು ನಾಟಕದ ಬೆನ್ನು ಹಿಡಿದು. ಅದು ಮಾಸ್ತಿಯವರ ‘ಕಾಕನಕೋಟೆ’. ಇಪ್ಪತ್ತು ವರ್ಷಗಳ ನಂತರ ಅವರ ಸಂಗೀತದಲ್ಲಿ ಮತ್ತೊಂದು ನಾಟಕ ಸಿನಿಮಾ ಆಯಿತು, ಗಿರೀಶ ಕಾರ್ನಾಡರ ‘ನಾಗಮಂಡಲ’. ಹಾಡಿನಿಂದಲೇ ಉಸಿರಾಡುವ ನಾಟಕ ತೆರೆಗೆ ಹೋದಾಗ ಏನು ಉಳಿಯುತ್ತದೆ, ಏನು ಸೋರಿಹೋಗುತ್ತದೆ ಎಂದು ನೋಡಲು ಈ ಎರಡು ಚಿತ್ರಗಳಿಗಿಂತ ಒಳ್ಳೆಯ ಸಾಕ್ಷಿ ಕನ್ನಡದಲ್ಲಿಲ್ಲ.

ಆದರೆ ಕಥೆ ಅವುಗಳಿಂದ ಶುರುವಾಗುವುದಿಲ್ಲ. ಕನ್ನಡ ವಾಕ್ಚಿತ್ರ ಹುಟ್ಟಿದ್ದೇ ಕಂಪನಿ ನಾಟಕದ ಹೊಟ್ಟೆಯಲ್ಲಿ. 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರುಕಟ್ಟೆಯ ಬಳಿಯ ಪ್ಯಾರಾಮೌಂಟ್ ಟಾಕೀಸಿನಲ್ಲಿ ತೆರೆಕಂಡ ‘ಸತಿ ಸುಲೋಚನಾ’ಕ್ಕೆ ಬೆಳ್ಳಾವೆ ನರಹರಿ ಶಾಸ್ತ್ರಿಗಳ ಬರಹ, ವೈ.ವಿ. ರಾವ್ ನಿರ್ದೇಶನ. ಇಂದ್ರಜಿತುವಾಗಿ ಎಂ.ವಿ. ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾಯರು, ಸುಲೋಚನೆಯಾಗಿ ತ್ರಿಪುರಾಂಬ. ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಹಿನ್ನೆಲೆ ಗಾಯನ ಇನ್ನೂ ಬಂದಿರಲಿಲ್ಲ. ಕ್ಯಾಮೆರಾದ ಎದುರು ನಿಂತವರೇ ಹಾಡಬೇಕು. ಕಂಪನಿ ನಟರಿಗೆ ಅದು ಹೊಸದೇನೂ ಆಗಿರಲಿಲ್ಲ. ನಟನೆಂದರೆ ಹಾಡುವವನು ಎಂದೇ ಅವರು ತಿಳಿದಿದ್ದರು. ಆ ಚಿತ್ರದ ಪ್ರತಿ ಇಂದು ಉಳಿದಿಲ್ಲ. ಕನ್ನಡ ಸಿನಿಮಾದ ಮೊಟ್ಟಮೊದಲ ದನಿಯನ್ನೇ ಕಳೆದುಕೊಂಡದ್ದು ಸಣ್ಣ ನಷ್ಟವಲ್ಲ.

ಕಂಪನಿ ನಾಟಕದಲ್ಲಿ ಮಾತು ಹಾಡಾಗುವ ಬಗೆಯನ್ನು ಈಗಲೂ ನೋಡಬೇಕೆಂದರೆ ಕೆ.ಆರ್. ಪುರದಿಂದ ಆಚೆ, ಹೊಸಕೋಟೆ, ಕೋಲಾರದ ಕಡೆಯ ಹಳ್ಳಿಗಳ ‘ಕುರುಕ್ಷೇತ್ರ’ಕ್ಕೆ ಹೋಗಬೇಕು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ತಾಲೀಮು ಕೊಡುತ್ತಾರೆ. ಪಾರ್ಟು ವಹಿಸಿದ ರೈತ, ಗುಮಾಸ್ತ, ಡ್ರೈವರು ಪದ್ಯಗಳನ್ನು ರಾಗದ ಸಮೇತ ಬಾಯಿಪಾಠ ಮಾಡುತ್ತಾರೆ. ಸಂಧಾನಕ್ಕೆ ಬಂದ ಕೃಷ್ಣನಿಗೆ ದುರ್ಯೋಧನ ಮೊದಲು ಮಾತಿನಲ್ಲಿ ಉತ್ತರ ಕೊಡುತ್ತಾನೆ. ಸಿಟ್ಟು ಮಾತಿಗೆ ಮೀರಿದಾಗ ಪದ್ಯ ಎತ್ತಿಕೊಳ್ಳುತ್ತಾನೆ, ಪದ್ಯವೂ ಸಾಲದಾದಾಗ ಆಲಾಪಕ್ಕೆ ಏರುತ್ತಾನೆ. ಅಲ್ಲಿಗೆ ಸಭೆಯಿಂದ ‘ಒನ್ಸ್ ಮೋರ್’ ಕೂಗು ಬರುತ್ತದೆ. ಕಥೆ ನಿಂತರೂ ಯಾರಿಗೂ ಬೇಸರವಿಲ್ಲ. ದುರ್ಯೋಧನ ಮುಂದೇನು ಮಾಡುತ್ತಾನೆಂಬುದು ಎಲ್ಲರಿಗೂ ಗೊತ್ತು. ಈ ರಾತ್ರಿ ಈ ಊರಿನ ಈ ಮನುಷ್ಯನ ಗಂಟಲು ಅಲ್ಲಿಗೆ ಏರುತ್ತದೆಯೋ ಇಲ್ಲವೋ ಎಂಬುದನ್ನು ನೋಡಲು ಜನ ಬೆಳಗಿನ ಜಾವದವರೆಗೆ ಕೂರುತ್ತಾರೆ.

2019ರಲ್ಲಿ ತ್ರೀಡಿಯಲ್ಲೂ ಬಂದ ದರ್ಶನ್ ಅಭಿನಯದ ‘ಕುರುಕ್ಷೇತ್ರ’ದ ದೊಡ್ಡ ಕೊರತೆ ಇಲ್ಲೇ. ಅರಮನೆ, ಸೈನ್ಯ, ಗದೆ ಎಲ್ಲವೂ ಅಲ್ಲಿವೆ. ದುರ್ಯೋಧನನನ್ನು ನಡುವೆ ನಿಲ್ಲಿಸಿದ ಆಯ್ಕೆಯೂ ಹಳ್ಳಿಯ ರಂಗಸ್ಥಳಕ್ಕೆ ಹತ್ತಿರದ್ದು. ಮಾತು ಕುದಿದು ಪದ್ಯವಾಗುವ ಆ ಜಿಗಿತ ಮಾತ್ರ ಇಲ್ಲ. ಹಾಡು ಹಾಡಿನ ಪಾಡಿಗೆ ಬಂದು ಹೋಗುತ್ತದೆ, ಜಗಳ ಜಗಳದ ಪಾಡಿಗೆ.

ಈ ಬೇರ್ಪಡುವಿಕೆ ಎಂದು ಶುರುವಾಯಿತು ಎಂದು ಹುಡುಕಿದರೆ 1954ರ ‘ಬೇಡರ ಕಣ್ಣಪ್ಪ’ ಎದುರಾಗುತ್ತದೆ. ಜಿ.ವಿ. ಅಯ್ಯರ್ ಬರೆದ ನಾಟಕ, ಗುಬ್ಬಿ ವೀರಣ್ಣನವರ ಸಂಸ್ಥೆಯ ನಂಟು, ಎಚ್.ಎಲ್.ಎನ್. ಸಿಂಹರ ನಿರ್ದೇಶನ. ನಾಯಕನಾಗಿ ಬಂದವರು ಮುತ್ತುರಾಜ್, ಈ ಚಿತ್ರದಿಂದಲೇ ರಾಜ್‌ಕುಮಾರ್ ಆದವರು. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರಿಂದಲೇ ಕಂಪನಿ ನಾಟಕದ ಪಾಠ ಕಲಿತು, ಸುಬ್ಬಯ್ಯ ನಾಯ್ಡುಗಳ ಮಂಡಳಿಯಲ್ಲಿದ್ದ ನಟ. ರಂಗದ ಮೇಲೆ ಹಾಡಿಯೇ ಬೆಳೆದ ಆ ಮನುಷ್ಯನಿಗೆ ಚಿತ್ರದಲ್ಲಿ ಸಿ.ಎಸ್. ಜಯರಾಮನ್ ಹಾಡಿದರು. ಜಯರಾಮನ್ ಗಾಯನ ಸೊಗಸಾದದ್ದು, ಶಿವನನ್ನು ಕರೆಯುವ ಆ ಹಾಡು ಈಗಲೂ ಕಿವಿಗೆ ಆರ್ತವಾಗಿಯೇ ಕೇಳುತ್ತದೆ. ಆದರೂ ಕಣ್ಣು ಕಿತ್ತುಕೊಡುವ ಬೇಡನ ಮುಖ ಒಬ್ಬರದು, ಮೊರೆ ಇನ್ನೊಬ್ಬರದು. ಕಂಪನಿಯ ಪರದೆಯ ಮುಂದೆ ಹೀಗಾಗಲು ಸಾಧ್ಯವೇ ಇರಲಿಲ್ಲ.

ಮುಂದೆ ಪಿ.ಬಿ. ಶ್ರೀನಿವಾಸ್ ರಾಜ್‌ಕುಮಾರರ ದನಿಯೇ ಆದರು. ಆ ಜೋಡಿಯ ಸಾಧನೆಯನ್ನು ಯಾರೂ ಅಲ್ಲಗಳೆಯುವಂತಿಲ್ಲ. ನಡುವೆ 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ರಾಜ್ ಎಸ್. ಜಾನಕಿಯವರ ಜೊತೆ ಒಂದು ಯುಗಳಗೀತೆ ಹಾಡಿದ್ದುಂಟು. ಅವರ ಗಂಟಲು ಪೂರ್ತಿಯಾಗಿ ಅವರಿಗೆ ಮರಳಿದ್ದು 1974ರಲ್ಲಿ, ‘ಸಂಪತ್ತಿಗೆ ಸವಾಲ್’ ಚಿತ್ರದಿಂದ. ಅದೂ ಮೂಲದಲ್ಲಿ ನಾಟಕವೇ: ಉತ್ತರ ಕರ್ನಾಟಕದ ಕಂಪನಿಗಳ ನೆಚ್ಚಿನ ನಾಟಕಕಾರ ಪಿ.ಬಿ. ಧುತ್ತರಗಿಯವರದು. ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ ಎಮ್ಮೆಯ ಮೇಲೆ ಕೂತು ನಾಯಕ ಹಾಡುವಾಗ ಮೊದಲ ಸಲ ಹಾಡಿನೊಳಗೂ ಅದೇ ಮನುಷ್ಯನ ನಗೆ, ಅದೇ ತುಂಟತನ, ಉಸಿರಿನ ಅದೇ ಏರಿಳಿತ. ಗಾಯನದ ನಯದಲ್ಲಿ ಶ್ರೀನಿವಾಸರು ಮೇಲು ಎನ್ನುವವರಿದ್ದಾರೆ, ಒಪ್ಪಬಹುದು. ಪಾತ್ರವಾಗಿ ಆ ಎಮ್ಮೆಯ ಹಾಡೇ ಮೇಲು. ಅಲ್ಲಿ ಮಾತಿನಿಂದ ಹಾಡಿಗೆ ಹೋಗುವಾಗ ಹೊಸ್ತಿಲೇ ಇಲ್ಲ.

ಮೂರು ವರ್ಷಗಳ ನಂತರ ಹುಣಸೂರು ಕೃಷ್ಣಮೂರ್ತಿಯವರ ‘ಬಭ್ರುವಾಹನ’. ಹುಣಸೂರರೂ ಕಂಪನಿಯಿಂದ ಬಂದವರು, ಪದ್ಯದ ಜಗಳ ಹೇಗೆ ಕಟ್ಟಬೇಕೆಂದು ಬಲ್ಲವರು. ಅಪ್ಪ ಅರ್ಜುನ, ಮಗ ಬಭ್ರುವಾಹನ ಎರಡೂ ಪಾತ್ರ ರಾಜ್‌ಕುಮಾರರದೇ. ಯುದ್ಧಕ್ಕೆ ಮುನ್ನ ಅವರಿಬ್ಬರೂ ಹಾಡಿನಲ್ಲೇ ಮೂದಲಿಸಿಕೊಳ್ಳುವ ದೃಶ್ಯಕ್ಕೆ ರಾಜ್ ಮತ್ತು ಶ್ರೀನಿವಾಸ್ ಎಂಬ ಎರಡು ದನಿಗಳು. ಒಂದೇ ದೇಹಕ್ಕೆ ಎರಡು ಪಾತ್ರವಿದ್ದುದರಿಂದ ಎರವಲು ದನಿ ಇಲ್ಲಿ ಅನಿವಾರ್ಯವಾಯಿತು, ಕಥೆಗೂ ಒದಗಿತು. ಟಿ.ಜಿ. ಲಿಂಗಪ್ಪ ಪ್ರತಿ ಸವಾಲನ್ನೂ ಜವಾಬನ್ನೂ ಕಂಪನಿಯ ಪದ್ಯದ ಕಸುವಿನಲ್ಲೇ ಕಟ್ಟಿದರು. ಹಳ್ಳಿಯ ಪ್ರೇಕ್ಷಕ ‘ಒನ್ಸ್ ಮೋರ್’ ಕೂಗಬಹುದಾದ ದೃಶ್ಯ ಕನ್ನಡ ಸಿನಿಮಾದಲ್ಲಿ ಇದ್ದರೆ ಅದು ಇದೇ.

ಎರವಲು ದನಿ ಕನ್ನಡದ್ದಷ್ಟೇ ತೊಡಕಲ್ಲ. 1956ರಲ್ಲಿ ‘ಮೈ ಫೇರ್ ಲೇಡಿ’ ರಂಗದ ಮೇಲೆ ಬಂದಾಗ ಎಲೈಜಾ ಆಗಿ ಹಾಡಿದವರು ಜೂಲಿ ಆಂಡ್ರ್ಯೂಸ್. 1964ರ ಚಿತ್ರಕ್ಕೆ ಆಡ್ರೆ ಹೆಪ್‌ಬರ್ನ್ ಬಂದರು. ಅವರ ಹೆಚ್ಚಿನ ಹಾಡುಗಳನ್ನು ಮಾರ್ನಿ ನಿಕ್ಸನ್ ಹಾಡಿದರು. ಅದೇ ಚಿತ್ರದಲ್ಲಿ ರೆಕ್ಸ್ ಹ್ಯಾರಿಸನ್ ಮಾತ್ರ ಮೊದಲೇ ಮುದ್ರಿಸಿದ ಹಾಡಿಗೆ ತುಟಿ ಆಡಿಸಲು ಒಪ್ಪದೆ, ಟೈನೊಳಗೆ ಸಣ್ಣ ಮೈಕು ಅಡಗಿಸಿಕೊಂಡು ಚಿತ್ರೀಕರಣದ ಜಾಗದಲ್ಲೇ ಹಾಡಿದರು. ಭಾಷೆ ಕಲಿತು ಹೊಸ ಮನುಷ್ಯಳಾಗುವ ಹೆಣ್ಣಿನ ಕಥೆಯಲ್ಲಿ ಆ ಹೆಣ್ಣಿಗೇ ಸ್ವಂತ ದನಿ ಇಲ್ಲ, ಕಲಿಸುವ ಗಂಡಸಿಗೆ ಇದೆ. ಚಿತ್ರ ಎಷ್ಟು ಚೆಂದವಿದ್ದರೂ ಈ ಅಸಮತೆ ಅದರ ಒಳಗೇ ಕೂತುಬಿಟ್ಟಿದೆ.

‘ಕಾಕನಕೋಟೆ’ ಈ ತೊಡಕನ್ನು ದಾಟಿದ ಬಗೆ ಬೇರೆಯೇ. ರಣಧೀರ ಕಂಠೀರವನ ಕಾಲದ ಕಾಡುಕುರುಬರ ಬದುಕನ್ನು ಕುರಿತ ಮಾಸ್ತಿಯವರ ನಾಟಕವನ್ನು ಎಪ್ಪತ್ತರ ದಶಕದ ಆರಂಭದಲ್ಲಿ ಸಿ.ಆರ್. ಸಿಂಹ ತಮ್ಮ ‘ನಟರಂಗ’ ತಂಡಕ್ಕೆ ಆಡಿಸಿದರು. 1977ರ ಹೊತ್ತಿಗೆ ಅವರೇ ಅದನ್ನು ಚಿತ್ರವಾಗಿಸಿದರು. ಕಾಚನ ಪಾತ್ರದಲ್ಲಿ ಲೋಕೇಶ್, ‘ಸತಿ ಸುಲೋಚನಾ’ದ ಸುಬ್ಬಯ್ಯ ನಾಯ್ಡುಗಳ ಮಗ. ನಾಟಕದಲ್ಲೂ ಚಿತ್ರದಲ್ಲೂ ಸಂಗೀತ ಅಶ್ವತ್ಥ್‌ರದು. ಸೂರ್ಯೋದಯವನ್ನು ಕರೆದು ತೋರಿಸುವ ಹಾಡಾಗಲಿ, ಮಾದೇಶ್ವರನನ್ನು ಕರಿ ಹೈದನೆಂದು ಕೊಂಡಾಡುವ ಹಾಡಾಗಲಿ, ಒಬ್ಬ ನಾಯಕನ ಹಾಡಲ್ಲ. ಅವು ಹಾಡಿಯ ಹಾಡುಗಳು. ಒಬ್ಬ ಎತ್ತಿಕೊಡುತ್ತಾನೆ, ಉಳಿದವರು ಹಿಡಿಯುತ್ತಾರೆ. ಯಾರ ತುಟಿಗೆ ಯಾರ ದನಿ ಎಂಬ ಪ್ರಶ್ನೆಯೇ ಇಲ್ಲಿ ಏಳುವುದಿಲ್ಲ, ಏಕೆಂದರೆ ದನಿ ಇಡೀ ಗುಂಪಿನದು. ಕ್ಯಾಮೆರಾ ರಂಗಮಂದಿರದ ಚೌಕಟ್ಟು ಬಿಟ್ಟು ಕಾಡಿಗೆ ಹೋದರೂ ಹಾಡಿಗೆ ನೆಲ ತಪ್ಪಲಿಲ್ಲ.

ಅಶ್ವತ್ಥ್ ಇಲ್ಲಿ ವಾದ್ಯ ಕಡಿಮೆ ಇಟ್ಟು ಗಂಟಲು ಹೆಚ್ಚು ಇಟ್ಟರು. ಚಿತ್ರವಾಗಿ ‘ಕಾಕನಕೋಟೆ’ಗೆ ಮಿತಿಗಳಿವೆ, ಕೆಲವು ಸಂಭಾಷಣೆಯ ದೃಶ್ಯಗಳು ಇನ್ನೂ ಪ್ರೇಕ್ಷಾಗೃಹದ ಕೊನೆಯ ಸಾಲಿಗೆ ಕೇಳಿಸುವ ಹಾಗೆಯೇ ಇವೆ. ಹಾಡು ಎದ್ದ ಕೂಡಲೆ ಆ ಬಿಗುವು ಸಡಿಲವಾಗುತ್ತದೆ. ನಾಟಕವನ್ನು ಸಿನಿಮಾ ಮಾಡಿದ್ದು ಅಲ್ಲಿ ಕ್ಯಾಮೆರಾಕ್ಕಿಂತ ಹೆಚ್ಚಾಗಿ ಸಂಗೀತವೇ.

ಅದೇ ಕಾಲದಲ್ಲಿ ಚಂದ್ರಶೇಖರ ಕಂಬಾರರ ನಾಟಕಗಳೂ ಇದೇ ದಾರಿ ಹಿಡಿದವು. ‘ಋಷ್ಯಶೃಂಗ’ದ ಸಂಗೀತಕ್ಕೆ ಬಿ.ವಿ. ಕಾರಂತರಿಗೆ ರಾಷ್ಟ್ರಪ್ರಶಸ್ತಿ ಬಂತು. ಕಂಬಾರರೇ ನಿರ್ದೇಶಿಸಿದ ‘ಕಾಡು ಕುದುರೆ’ಯ ಹಾಡಿಗೆ ಶಿವಮೊಗ್ಗ ಸುಬ್ಬಣ್ಣ ಹಿನ್ನೆಲೆ ಗಾಯಕನ ರಾಷ್ಟ್ರಪ್ರಶಸ್ತಿ ಪಡೆದರು. ಆ ಹಾಡು ಚಿತ್ರಕ್ಕಿಂತ ದೂರ ಓಡಿತು: ಚಿತ್ರ ನೋಡದವರಿಗೂ ಹಾಡು ಗೊತ್ತು. ಹಾಡಿಗೆ ಅದು ಗೆಲುವು, ಚಿತ್ರಕ್ಕೆ ಗೆಲುವೆನ್ನಲಾಗದು.

‘ನಾಗಮಂಡಲ’ದ ಬಗ್ಗೆ ಇದೇ ಮಾತನ್ನು ಇನ್ನಷ್ಟು ನೋವಿನಿಂದ ಹೇಳಬೇಕಾಗುತ್ತದೆ. ಎ.ಕೆ. ರಾಮಾನುಜನ್ ಹೇಳಿದ ಜನಪದ ಕಥೆಗಳಿಂದ ಕಾರ್ನಾಡರು ಕಟ್ಟಿದ ನಾಟಕ ಅದು. ಕನ್ನಡ ರಂಗಕ್ಕೆ ಮೊದಲು ತಂದವರು ಶಂಕರ್‌ನಾಗ್. ಅದರ ಹೊರಗಥೆಯಲ್ಲಿ ಪಾಳು ಗುಡಿಯೊಳಗೆ ದೀಪದ ಜ್ಯೋತಿಗಳು ರಾತ್ರಿ ಸೇರಿ ಹರಟುತ್ತವೆ. ಒಬ್ಬ ಮುದುಕಿ ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡಿದ್ದ ಕಥೆ ಹೆಣ್ಣಾಗಿ, ಹಾಡು ಅವಳುಟ್ಟ ಸೀರೆಯಾಗಿ ಅಲ್ಲಿಗೆ ಬರುತ್ತವೆ. ಹೇಳದೆ ಉಳಿದ ಕಥೆ, ಹಾಡದೆ ಉಳಿದ ಹಾಡು ಸುಮ್ಮನಿರುವುದಿಲ್ಲ ಎಂಬುದೇ ನಾಟಕದ ಜೀವ. 1997ರಲ್ಲಿ ಟಿ.ಎಸ್. ನಾಗಾಭರಣ ಮಾಡಿದ ಚಿತ್ರ ಈ ಹೊರಗಥೆಯನ್ನು ಬಿಟ್ಟು ರಾಣಿ, ಅವಳನ್ನು ಮನೆಯಲ್ಲಿ ಕೂಡಿಹಾಕುವ ಗಂಡ ಅಪ್ಪಣ್ಣ, ಅವನ ರೂಪ ತಾಳಿ ಬರುವ ಹಾವು ನಾಗಪ್ಪ, ಈ ಮೂವರ ಸಂಸಾರಕ್ಕೆ ನೇರ ಇಳಿಯಿತು. ಪ್ರಕಾಶ್ ರೈ ಒಂದೇ ಮುಖದಲ್ಲಿ ಒರಟು ಗಂಡನನ್ನೂ ಮೃದು ಪ್ರೇಮಿಯನ್ನೂ ತೋರಿದ ಬಗೆ ಮರೆಯುವಂಥದ್ದಲ್ಲ. ವಿಜಯಲಕ್ಷ್ಮಿಯವರ ರಾಣಿ ಮುಗ್ಧತೆಯಿಂದ ಗಟ್ಟಿತನಕ್ಕೆ ನಿಧಾನವಾಗಿ ನಡೆಯುತ್ತಾಳೆ.

ಗೋಪಾಲ ಯಾಜ್ಞಿಕರ ಸಾಹಿತ್ಯಕ್ಕೆ ಅಶ್ವತ್ಥ್ ಹಾಕಿದ ಮಟ್ಟುಗಳಂತೂ ಉತ್ತರ ಕರ್ನಾಟಕದ ಹಳ್ಳಿಯಲ್ಲಿ ಎಂದಿನಿಂದಲೋ ಇದ್ದವೇನೋ ಎನ್ನುವಷ್ಟು ಸಹಜ. ಒಂಟಿ ಹೆಣ್ಣು ಕಂಬದಲ್ಲಿ ಕೆತ್ತಿದ ಬೊಂಬೆಯನ್ನು ಮಾತಾಡಿಸುವ ಹಾಡನ್ನು ಸಂಗೀತಾ ಕಟ್ಟಿ ಹಾಡಿದ್ದಾರೆ. ಬೀಗ ಹಾಕಿದ ಮನೆಯ ಬೇಗೆ ಅದರಲ್ಲಿ ಪೂರ್ತಿ ಇದೆ. ಆದರೆ ನಾಟಕದಲ್ಲಿ ಹಾಡು ತಾನೇ ಒಂದು ಪಾತ್ರ, ನಾಲಗೆ ಬಿಟ್ಟು ಓಡಿಬಂದ ಜೀವ. ಚಿತ್ರದಲ್ಲಿ ಅದು ರಾಣಿಯ ಮನಸ್ಸಿನ ಹಿನ್ನೆಲೆ. ಇಷ್ಟು ಒಳ್ಳೆಯ ಸಂಗೀತ ಸಿಕ್ಕ ಚಿತ್ರವೇ ಹಾಡಿನ ಕುರಿತ ನಾಟಕದ ಮಾತನ್ನು ಕೈಬಿಟ್ಟಿತು ಎಂಬುದು ಸಂಕಟದ ಸಂಗತಿ. ಜ್ಯೋತಿಗಳ ಹರಟೆಯನ್ನು ತೆರೆಯ ಮೇಲೆ ತೋರಿಸುವುದು ಕಷ್ಟವೇ. ಹಾವು ಮನುಷ್ಯನಾಗುವುದನ್ನು ನಂಬಿಸಿದ ನಿರ್ದೇಶಕರಿಗೆ ಅದು ಆಗದ ಕೆಲಸವಾಗಿರಲಿಲ್ಲ.

ಚಿತ್ರದಲ್ಲಿ ಕುರುಡವ್ವನಾಗಿ ಬರುವ ಬಿ. ಜಯಶ್ರೀ ಗುಬ್ಬಿ ವೀರಣ್ಣನವರ ಮೊಮ್ಮಗಳು. ವೀರಣ್ಣನವರ ‘ಸದಾರಮೆ’ 1935ರಲ್ಲೇ ಸಿನಿಮಾ ಆಗಿತ್ತು. ಅದೇ ನಾಟಕವನ್ನು ಜಯಶ್ರೀ ತಮ್ಮ ‘ಸ್ಪಂದನ’ ತಂಡದಿಂದ ಮತ್ತೆ ರಂಗಕ್ಕೆ ತಂದರು. ತೆರೆಯ ‘ಸದಾರಮೆ’ ಜನರ ನೆನಪಿನಿಂದ ಜಾರಿತು, ರಂಗದ ‘ಸದಾರಮೆ’ ಹೊಸ ಪ್ರೇಕ್ಷಕರನ್ನು ಕಂಡಿತು. ಮೈಕಿನ ಹಂಗಿಲ್ಲದೆ ಸಭೆಯ ಕೊನೆಯವರೆಗೆ ಮುಟ್ಟುವ ಜಯಶ್ರೀಯವರ ದನಿಯೇ ಅದಕ್ಕೆ ಕಾರಣ ಎಂದರೆ ಅತಿಶಯವಲ್ಲ.

ಈಗ ತಂತ್ರದ ನೆಪ ಹೇಳುವಂತಿಲ್ಲ. 1985ರಿಂದ ಲಂಡನ್ನಿನಲ್ಲಿ ಆಡುತ್ತಿದ್ದ ‘ಲೆ ಮಿಸೆರಾಬ್ಲ್’ ಸಂಗೀತನಾಟಕವನ್ನು 2012ರಲ್ಲಿ ಟಾಮ್ ಹೂಪರ್ ಚಿತ್ರ ಮಾಡಿದಾಗ ನಟರು ಕಿವಿಯಲ್ಲಿ ಪಿಯಾನೊ ಕೇಳಿಸಿಕೊಳ್ಳುತ್ತ ಕ್ಯಾಮೆರಾದ ಎದುರೇ ಹಾಡಿದರು. ಕೆಲವರ ಗಾಯನ ಒರಟು, ಉಸಿರು ಒಡೆಯುತ್ತದೆ. ಅಳು ಮಾತ್ರ ಎರವಲಿನದಲ್ಲ. ಮಂಡ್ಯದ ಹಳ್ಳಿಯವರನ್ನೇ ನಟರಾಗಿಸಿದ ‘ತಿಥಿ’ ಚಿತ್ರೀಕರಣದ ಜಾಗದಲ್ಲೇ ಮಾತು ಮುದ್ರಿಸಿ, ಊರಿನ ದನಿಯನ್ನು ಊರಿನಲ್ಲೇ ಹಿಡಿಯಬಹುದೆಂದು ತೋರಿಸಿದೆ. ಮಾತಿಗೆ ಆದದ್ದು ಪದ್ಯಕ್ಕೂ ಆಗುತ್ತದೆ. ಕಾರಂತರು 1972ರಲ್ಲಿ ಬೆಂಗಳೂರಿನ ಬಯಲಿನಲ್ಲಿ ಆಡಿಸಿದ ಕಂಬಾರರ ‘ಜೋಕುಮಾರಸ್ವಾಮಿ’ಯನ್ನು ಈ ಬಗೆಯಲ್ಲಿ ಚಿತ್ರವಾಗಿಸುವುದಾದರೆ, ಮೊದಲು ಹುಡುಕಬೇಕಾದದ್ದು ಹಾಡಬಲ್ಲ ನಟರನ್ನು. ಅವರು ರಂಗತಂಡಗಳಲ್ಲಿದ್ದಾರೆ, ಹೊಸಕೋಟೆಯ ಕಡೆಯ ಹಾರ್ಮೋನಿಯಂ ಮೇಷ್ಟ್ರ ತಾಲೀಮಿನಲ್ಲಿದ್ದಾರೆ.